ದಾಟಿದ ವರ್ಷ, ಉಳಿದ ಪಾಠ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಬಳಿಕದ ಮೊದಲ ಭಾನುವಾರ, ಪೂಜೆ ಮುಗಿಸಿ ಚರ್ಚಿನ ಅಂಗಳಕ್ಕಿಳಿಯುವ ಹೆತ್ತವರ ನಡುವೆ ಪ್ರತಿವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ: “ಮಗುವನ್ನು ಎಲ್ಲಿಗೆ ಸೇರಿಸುತ್ತೀರಿ?” ಪಿ.ಯು.ಸಿ. ವಿಜ್ಞಾನ ಎಂದು ಉತ್ತರಿಸುವವರ ಧ್ವನಿ ತುಸು ಎತ್ತರದಲ್ಲಿರುತ್ತದೆ. ಪಾಲಿಟೆಕ್ನಿಕ್ ಎನ್ನುವವರ ಧ್ವನಿ ಅಷ್ಟೇ ತಗ್ಗುತ್ತದೆ. ಹೀಗೆ ತಗ್ಗಬೇಕಾದ ಕಾರಣವೇನೂ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಆ ದಾರಿಯಲ್ಲಿ ಹೊರಟವರು ಅರಿತಿರಬೇಕಾದ ಒಂದು ಸಂಗತಿಯಂತೂ ಇದೆ. ಅದನ್ನೇ ಈ ವಾರ ಓದುಗರ ಮುಂದಿಡಲು ಬಯಸುತ್ತೇವೆ.

ಮೊದಲು ಲೆಕ್ಕವನ್ನು ನೋಡೋಣ. ಪಿ.ಯು.ಸಿ.ಗೆ ಎರಡು ವರ್ಷ, ಎಂಜಿನಿಯರಿಂಗ್ ಪದವಿಗೆ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾಕ್ಕೆ ಮೂರು ವರ್ಷ, ಅಲ್ಲಿಂದ ನೇರವಾಗಿ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಪ್ರವೇಶ ಪಡೆದರೆ ಇನ್ನು ಮೂರು ವರ್ಷ, ಅದೂ ಆರೇ. ಕಾಲ ನಷ್ಟವಾಗುವುದಿಲ್ಲ. ಮೇಲಾಗಿ ನಡುದಾರಿಯಲ್ಲಿ ಮನೆಗೆ ಕಷ್ಟ ಬಂದರೂ ಮಗುವಿನ ಕೈಯಲ್ಲಿ ಉದ್ಯೋಗಕ್ಕೆ ಸಲ್ಲುವ ಪ್ರಮಾಣಪತ್ರವೊಂದು ಇರುತ್ತದೆ. ಮಂಗಳೂರು ಕದ್ರಿಯಲ್ಲಿ 1946ರಲ್ಲಿ ಆರಂಭವಾದ ಕರ್ನಾಟಕ ಪಾಲಿಟೆಕ್ನಿಕ್‌ನಂಥ ಸಂಸ್ಥೆಗಳಲ್ಲಿ ಓದಿ ಊರಲ್ಲೂ ಹೊರನಾಡಲ್ಲೂ ಸಂಸಾರ ನಿಲ್ಲಿಸಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯಿಲ್ಲ.

ಡಿಪ್ಲೊಮಾ ಪಡೆದವರು ಪದವಿಯ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ, ಸೇರುವ ಈ ಕ್ರಮಕ್ಕೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ಇದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಡಿ.ಸಿ.ಇ.ಟಿ. ಎಂಬ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಅದರಲ್ಲಿ ಪಡೆದ ಶ್ರೇಣಿಯಂತೆ ಸೀಟು ಹಂಚಿಕೆಯಾಗುತ್ತದೆ. ಸೀಟು ದೊರೆತ ದಿನ ಮನೆಯಲ್ಲಿ ಸಹಜವಾಗಿಯೇ ಸಂಭ್ರಮ. “ಒಂದು ವರ್ಷ ಓದುವುದು ಉಳಿಯಿತು” ಎಂದು ತಂದೆ ಹೇಳುತ್ತಾರೆ. ತೊಡಕು ಆರಂಭವಾಗುವುದು ಈ ಮಾತಿನಿಂದಲೇ.

ಉಳಿದದ್ದು ಏನು? ಇದನ್ನು ಅರಿಯಲು ಕ್ರೆಡಿಟ್ ಎಂಬ ಪದವನ್ನು ತಿಳಿದುಕೊಳ್ಳಬೇಕು. ಒಂದು ಸೆಮಿಸ್ಟರಿನುದ್ದಕ್ಕೂ ವಾರಕ್ಕೆ ಒಂದು ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್; ಪ್ರಯೋಗಾಲಯವಾದರೆ ವಾರಕ್ಕೆ ಎರಡು ಗಂಟೆಗೆ ಒಂದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2018ರಲ್ಲಿ ಹೊರಡಿಸಿದ ಮಾದರಿ ಪಠ್ಯಕ್ರಮವು ನಾಲ್ಕು ವರ್ಷಗಳ ಪದವಿಗೆ 160 ಕ್ರೆಡಿಟ್‌ಗಳನ್ನು ನಿಗದಿಪಡಿಸಿತು. ಮೊದಲ ವರ್ಷದ ಪಾಲು ಸುಮಾರು 40. ಲ್ಯಾಟರಲ್ ಎಂಟ್ರಿಯ ವಿದ್ಯಾರ್ಥಿ ಈ 40ನ್ನು ಗಳಿಸಬೇಕಾಗಿಲ್ಲ. ಅವನ ಡಿಪ್ಲೊಮಾವನ್ನೇ ಅದಕ್ಕೆ ಬದಲಾಗಿ ಸ್ವೀಕರಿಸಲಾಗುತ್ತದೆ. ಹಾಗೆ ಅವನ ಪದವಿ ಉಳಿದ 120ರ ಸುತ್ತ ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ನೆಲೆಸಿರುವ ಬಂಧುಗಳ ಮಕ್ಕಳು ಅಲ್ಲಿನ ಸಮುದಾಯ ಕಾಲೇಜುಗಳಲ್ಲಿ ಎರಡು ವರ್ಷ ಕಡಿಮೆ ಶುಲ್ಕದಲ್ಲಿ ಓದಿ, ಬಳಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗಕ್ಕೆ ವರ್ಗವಾಗುವುದನ್ನು ನಾವು ಕೇಳಿದ್ದೇವೆ. ಅಲ್ಲಿ ತಕ್ಕಡಿಗೆ ಬೀಳುವುದು ಒಂದೊಂದು ವಿಷಯ. ಕಾಲೇಜಿನ ಕಲನಶಾಸ್ತ್ರ ವಿಶ್ವವಿದ್ಯಾಲಯದ ಕಲನಶಾಸ್ತ್ರಕ್ಕೆ ಸಮವೇ, ಭೌತಶಾಸ್ತ್ರವನ್ನು ಕಲನಶಾಸ್ತ್ರದ ಆಧಾರದಲ್ಲಿ ಕಲಿಸಲಾಗಿದೆಯೇ, ನಿಗದಿತ ದರ್ಜೆ ಬಂದಿದೆಯೇ ಎಂದು ನೋಡಿ, ಒಪ್ಪಿಗೆಯಾದುದನ್ನು ಸೇರಿಸಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತಾರೆ. ಯಾವ ಕಾಲೇಜಿನ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವ ವಿಷಯಕ್ಕೆ ಸಮವೆಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಯಾರು ಬೇಕಾದರೂ ನೋಡಬಹುದು. ಬಿಟ್ಟುಹೋದ ವಿಷಯವನ್ನು ವಿದ್ಯಾರ್ಥಿ ಮತ್ತೆ ಓದಬೇಕು. ಹಣವೂ ಕಾಲವೂ ಹೆಚ್ಚು ಬೇಕು. ಇದು ಕಠಿಣವೇ. ಆದರೂ ತನಗೆ ಏನು ಬರುತ್ತದೆ, ಏನು ಬರುವುದಿಲ್ಲವೆಂಬುದು ಅವನಿಗೆ ಮೊದಲ ದಿನವೇ ತಿಳಿದಿರುತ್ತದೆ.

ನಮ್ಮಲ್ಲಿ ಹಾಗಲ್ಲ. ಮೊದಲ ವರ್ಷವನ್ನು ಇಡಿಯ ಗಂಟಾಗಿ ಕಟ್ಟಿ ದಾಟಿಸುತ್ತೇವೆ. ಒಳಗೇನಿದೆಯೆಂದು ಬಿಚ್ಚಿ ನೋಡುವವರಿಲ್ಲ. ಯಂತ್ರಗಳ ಪರಿಚಯ, ನಕ್ಷೆ ಬರೆಯುವ ಕೌಶಲ, ಪ್ರಯೋಗಾಲಯದ ಕೈಚಳಕ ಇವುಗಳಲ್ಲಿ ಡಿಪ್ಲೊಮಾದ ಹುಡುಗ ಪಿ.ಯು.ಸಿ.ಯಿಂದ ಬಂದವನಿಗಿಂತ ಮುಂದಿರುತ್ತಾನೆ. ಆದರೆ ಗಣಿತದಲ್ಲಿ? ಡಿಪ್ಲೊಮಾದಲ್ಲಿ ಅವನು ಮಾತೃಕೆ, ತ್ರಿಕೋನಮಿತಿ, ಅವಕಲನ, ಅನುಕಲನಗಳ ಪರಿಚಯ ಮಾಡಿಕೊಂಡಿರುತ್ತಾನೆ, ಅಷ್ಟೇ. ಸಹಪಾಠಿಗಳು ಎರಡು ವರ್ಷ ಪಿ.ಯು.ಸಿ. ಗಣಿತ ಓದಿ, ಅದರ ಮೇಲೆ ಒಂದು ವರ್ಷ ಭಾಗಶಃ ಅವಕಲನ, ಅವಕಲ ಸಮೀಕರಣಗಳು, ಸದಿಶ ಕಲನ ಇವುಗಳನ್ನು ಕಲಿತು ಬಂದಿರುತ್ತಾರೆ. ಮೂರನೆಯ ಸೆಮಿಸ್ಟರಿನ ಹೊಸ್ತಿಲಲ್ಲಿ ಲಾಪ್ಲಾಸ್ ಪರಿವರ್ತನೆ, ಫೋರಿಯರ್ ಶ್ರೇಣಿಗಳು ಎದುರಾದಾಗ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಅದು ಮುಂದಿನ ಮೆಟ್ಟಿಲು, ಇನ್ನೊಬ್ಬನಿಗೆ ಗೋಡೆ.

ಕ್ರೆಡಿಟ್ ದಾಟುತ್ತದೆ, ಪಾಠ ದಾಟುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ಇದು ತಿಳಿಯದ ವಿಷಯವೇನಲ್ಲ. ಆದುದರಿಂದಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಮೂರು ಮತ್ತು ನಾಲ್ಕನೆಯ ಸೆಮಿಸ್ಟರುಗಳಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆಗಳನ್ನು ಇರಿಸಿತು. ಅವುಗಳಿಗೆ ಕ್ರೆಡಿಟ್ ಇಲ್ಲ. ಆದರೆ ಅವುಗಳಲ್ಲಿ ತೇರ್ಗಡೆಯಾಗದೆ ಪದವಿಯೂ ಇಲ್ಲ.

ಈ ಒಂದು ವಾಕ್ಯವನ್ನು ಓದದೆ ಹೋದ ಮನೆಯೊಂದನ್ನು ನಾವು ಬಲ್ಲೆವು. ತಂದೆ ದೋಣಿಯ ಎಂಜಿನ್ ದುರಸ್ತಿ ಮಾಡುವವರು. ಮಗ ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಪ್ರಥಮ ದರ್ಜೆ ಪಡೆದು ಎಂಜಿನಿಯರಿಂಗ್ ಸೇರಿದ. ಸಹಕಾರಿ ಸಂಘದಲ್ಲಿ ತಾಯಿಯ ಬಳೆಗಳನ್ನು ಅಡವಿಟ್ಟು ಶುಲ್ಕ ಕಟ್ಟಿದರು. ಹೆಚ್ಚುವರಿ ಗಣಿತಕ್ಕೆ ಕ್ರೆಡಿಟ್ ಇಲ್ಲವೆಂದು ತಿಳಿದ ಹುಡುಗ, ಲೆಕ್ಕಕ್ಕಿಲ್ಲದ ವಿಷಯಕ್ಕೆ ಶ್ರಮವೇಕೆಂದು ಅದನ್ನು ಮುಂದೂಡುತ್ತ ಹೋದ. ಒಮ್ಮೆ ಅನುತ್ತೀರ್ಣನಾದ, ಮತ್ತೊಮ್ಮೆ ಪರೀಕ್ಷೆಗೇ ಹೋಗಲಿಲ್ಲ. ಎಂಟನೆಯ ಸೆಮಿಸ್ಟರಿನ ಹೊತ್ತಿಗೆ ಉದ್ಯೋಗದ ಕರೆ ಬಂತು. ಉಳಿದೆಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿದ್ದ. ಆದರೆ ಪದವಿ ಪ್ರಮಾಣಪತ್ರ ಕೈಗೆ ಬರಲಿಲ್ಲ. ಕೆಲಸಕ್ಕೆ ಸೇರುವ ದಿನಾಂಕ ದಾಟಿಹೋಯಿತು. ಮರುವರ್ಷ ಆ ಪತ್ರಿಕೆಯನ್ನು ಮುಗಿಸಿದನಾದರೂ ಆ ಉದ್ಯೋಗ ಕಾದಿರಲಿಲ್ಲ. “ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲವಲ್ಲ” ಎಂದು ಆ ತಾಯಿ ನಮ್ಮೊಡನೆ ಹೇಳಿಕೊಂಡರು. ಅವರ ಕೈಗಳಲ್ಲಿ ಬಳೆಗಳಿರಲಿಲ್ಲ. ಈ ಲೇಖನ ಬರೆಯಲು ಆ ಮಾತೇ ಕಾರಣ.

ಲೆಕ್ಕದ ಇನ್ನೊಂದು ಮುಖವನ್ನೂ ಹೆತ್ತವರು ಗಮನಿಸಬೇಕು. ನಾಲ್ಕು ವರ್ಷ ಓದುವವರ ಒಟ್ಟು ಸರಾಸರಿ ಎಂಟು ಸೆಮಿಸ್ಟರುಗಳ ಮೇಲೆ ನಿಲ್ಲುತ್ತದೆ. ಲ್ಯಾಟರಲ್ ಎಂಟ್ರಿಯವರದು ಆರರ ಮೇಲೆ. ಮೂರನೆಯ ಸೆಮಿಸ್ಟರಿನಲ್ಲಿ ಎಡವಿದರೆ ಅವರಿಗೆ ಅದು ಎಂಟರಲ್ಲೊಂದು ಪೆಟ್ಟು, ಇವನಿಗೆ ಆರರಲ್ಲೊಂದು. ಹೊಸ ಊರು, ಹೊಸ ಹಾಸ್ಟೆಲ್, ಇಂಗ್ಲಿಷಿನಲ್ಲೇ ನಡೆಯುವ ವೇಗದ ಪಾಠ, ಒಂದು ವರ್ಷದಿಂದ ಗೆಳೆತನ ಬೆಳೆಸಿಕೊಂಡಿರುವ ತರಗತಿ, ಇವೆಲ್ಲದರ ನಡುವೆ ಅವನ ಅತಿ ಕಷ್ಟದ ಸೆಮಿಸ್ಟರೇ ಅತಿ ಭಾರದ ಸೆಮಿಸ್ಟರೂ ಆಗುತ್ತದೆ. ಸೀಟು ಹಂಚಿಕೆ ಮುಗಿಯುವಷ್ಟರಲ್ಲಿ ತರಗತಿಗಳು ಆರಂಭವಾಗಿಬಿಟ್ಟಿರುವುದೂ ಉಂಟು.

ಇತ್ತೀಚಿನ ಬೆಳವಣಿಗೆಯೊಂದನ್ನೂ ಇಲ್ಲಿ ಹೇಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ, ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನ ನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವನ ಹೆಸರಿನ ಖಾತೆಯಲ್ಲಿ ಜಮೆಯಾಗಿ, ಗರಿಷ್ಠ 7 ವರ್ಷಗಳವರೆಗೆ ಸಲ್ಲುತ್ತವೆ. ಓದು ನಡುವೆ ನಿಂತುಹೋದ ಬಡ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಬ್ಯಾಂಕಿನಲ್ಲಿರುವ ಹಣದಂತೆ ಇದು ಎಲ್ಲ ಅಂಗಡಿಗಳಲ್ಲೂ ಒಂದೇ ಬೆಲೆಗೆ ನಡೆಯುವ ನಾಣ್ಯವಲ್ಲ. ಸೇರಲಿರುವ ವಿಭಾಗದ ಪಠ್ಯಕ್ರಮಕ್ಕೆ ಅದು ಹೊಂದಬೇಕು. ಖಾತೆಯಲ್ಲಿ ಅಂಕಿ ಇದೆಯೆಂದ ಮಾತ್ರಕ್ಕೆ ನಿಶ್ಚಿಂತರಾಗುವುದು ಸಲ್ಲದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಪ್ರವೇಶದ ದಿನವೇ ಕಾಲೇಜಿನ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿರಿ: “ಈ ವರ್ಷ ಸೇರುವ ಡಿಪ್ಲೊಮಾ ವಿದ್ಯಾರ್ಥಿ ಪದವಿ ಪಡೆಯಲು ಬೇರೆಯವರಿಗಿಲ್ಲದ ಯಾವ ಯಾವ ವಿಷಯಗಳಲ್ಲಿ ತೇರ್ಗಡೆಯಾಗಬೇಕು?” ಪಠ್ಯಕ್ರಮ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ನೆರೆಮನೆಯ ಹುಡುಗನ ಅನುಭವ ನಿಮ್ಮ ಮಗನಿಗೆ ಸಲ್ಲಬೇಕಾಗಿಲ್ಲ. ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಆ ವರ್ಷದ ನಿಯಮಾವಳಿಯ ಪ್ರತಿಯಲ್ಲೇ ನೋಡಿರಿ. ತಾಂತ್ರಿಕ ಶಿಕ್ಷಣ ಪರಿಷತ್ತಿನ ಯೋಜನೆಯಂತೆ ನಾಲ್ಕು ವರ್ಷದವರಿಗೆ 100, ಲ್ಯಾಟರಲ್ ಎಂಟ್ರಿಯವರಿಗೆ 75 ಚಟುವಟಿಕೆ ಅಂಕಗಳೆಂಬ ನಿಯಮವೂ ಇದೆ. ಗ್ರಾಮಸೇವೆಯಂಥ ಕೆಲಸಗಳಿಂದ ಗಳಿಸಬೇಕಾದ ಇವು ಕೊನೆಯ ಸೆಮಿಸ್ಟರಿನಲ್ಲಿ ನೆನಪಾಗಿ ಫಲವಿಲ್ಲ.

ಎರಡನೆಯದಾಗಿ, ಡಿಪ್ಲೊಮಾದ ಕೊನೆಯ ಪರೀಕ್ಷೆಗೂ ಮೂರನೆಯ ಸೆಮಿಸ್ಟರಿಗೂ ನಡುವಿನ ವಾರಗಳನ್ನು ಗಣಿತಕ್ಕೆಂದೇ ಮೀಸಲಿಡಿರಿ. ಪಿ.ಯು.ಸಿ.ಯ ಎರಡು ವರ್ಷಗಳ ಗಣಿತ ಪುಸ್ತಕಗಳು ಊರಿನಲ್ಲೇ ಸಿಗುತ್ತವೆ. ಅವುಗಳಲ್ಲಿ ಅವಕಲನ, ಅನುಕಲನ, ಅವಕಲ ಸಮೀಕರಣಗಳ ಅಧ್ಯಾಯಗಳನ್ನು ದಿನಕ್ಕೆ ಎರಡು ಗಂಟೆಯಂತೆ ಮಾಡಿದರೂ ಗೋಡೆಯ ಎತ್ತರ ಅರ್ಧಕ್ಕಿಳಿಯುತ್ತದೆ.

ಮೂರನೆಯದು ಸಮುದಾಯಕ್ಕೆ ಸಂಬಂಧಿಸಿದ್ದು. ನಮ್ಮ ಯಾವ ಧರ್ಮಕೇಂದ್ರದಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರಿಲ್ಲ? ಯಾವ ಚರ್ಚಿನ ಸಭಾಭವನ ವಾರದ ದಿನಗಳ ಸಂಜೆ ಬೀಗ ಹಾಕಿಕೊಂಡಿರುವುದಿಲ್ಲ? ಗ್ರಾಮವೊಂದರಲ್ಲಿ ಅಂಥ ಶಿಕ್ಷಕಿಯೊಬ್ಬರು ಒಂದು ಬೇಸಿಗೆಯಲ್ಲಿ ನಾಲ್ಕು ಮಂದಿ ಡಿಪ್ಲೊಮಾ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದುದನ್ನು ನಾವು ಕಂಡಿದ್ದೇವೆ. ಹಲಗೆ, ಸುಣ್ಣದ ಕಡ್ಡಿ, ಮಧ್ಯಾಹ್ನದ ಚಹಾ, ಇಷ್ಟೇ ಖರ್ಚು. ನಾಲ್ವರೂ ಹೆಚ್ಚುವರಿ ಗಣಿತವನ್ನು ಮೊದಲ ಪ್ರಯತ್ನದಲ್ಲೇ ಮುಗಿಸಿದರು. ಅವರಲ್ಲಿ ಒಬ್ಬಳು ಈಗ ರಜೆಗೆ ಬಂದಾಗ ಅದೇ ಹಲಗೆಯ ಮುಂದೆ ನಿಂತು ಕಿರಿಯರಿಗೆ ಪಾಠ ಹೇಳುತ್ತಾಳೆ. ವಿದ್ಯಾರ್ಥಿವೇತನ ಹಂಚುವ ಸಮಾರಂಭಗಳನ್ನು ನಡೆಸುವ ನಮ್ಮ ಸಂಘಟನೆಗಳು ಇಂಥ ಎಂಟು ವಾರಗಳ ತರಗತಿಯನ್ನೂ ತಮ್ಮ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿಕೊಂಡರೆ ಎಷ್ಟೋ ಮನೆಗಳ ಬಳೆಗಳು ಉಳಿದಾವು.

ಪಾಲಿಟೆಕ್ನಿಕ್‌ನಿಂದ ಎಂಜಿನಿಯರಿಂಗ್‌ಗೆ ಹೋಗುವ ದಾರಿ ಹಿಂಬಾಗಿಲಲ್ಲ. ಶ್ರಮಿಕ ಮನೆಗಳ ಮಕ್ಕಳಿಗಾಗಿ ತೆರೆದಿಟ್ಟ ಪಕ್ಕದ ಬಾಗಿಲು. ತಲೆಯೆತ್ತಿಯೇ ಅದನ್ನು ಪ್ರವೇಶಿಸಲಿ. ಆದರೆ ಹೊಸ್ತಿಲು ದಾಟುವ ಮುನ್ನ ಆ ಗಂಟನ್ನು ಒಮ್ಮೆ ಬಿಚ್ಚಿ, ಒಳಗೆ ಏನಿದೆ, ಏನಿಲ್ಲವೆಂದು ಹೆತ್ತವರೂ ಮಕ್ಕಳೂ ಕೂಡಿ ನೋಡಿಕೊಳ್ಳಲಿ. ಮುಂದಿನ ವರ್ಷ ಚರ್ಚಿನ ಅಂಗಳದಲ್ಲಿ ಅದೇ ಪ್ರಶ್ನೆ ಕೇಳಿಬಂದಾಗ “ಪಾಲಿಟೆಕ್ನಿಕ್” ಎನ್ನುವವರ ಧ್ವನಿ ತಗ್ಗದಿರಲಿ ಎಂಬುದೇ ನಮ್ಮ ಹಾರೈಕೆ.