ಪಾಪ್ ಪಂಕ್ ಹಾಡಿದ್ದು ಬ್ಯಾಂಡ್, ಹಾಡು ಯಾರದ್ದು? ಪುಟ್ಟ ಲೇಬಲ್‌ಗಳ ದೊಡ್ಡ ಲೆಕ್ಕ

ಫೋನ್ ಕೈಯಲ್ಲೇ ಇದ್ರೆ ಒಂದು ಕೆಲಸ ಮಾಡಿ. ಸ್ಪಾಟಿಫೈನಲ್ಲಿ ಒಲಿವಿಯಾ ರೋಡ್ರಿಗೊ ಅವರ ‘ಗುಡ್ ಫಾರ್ ಯು’ ಹಾಡು ತೆಗೀರಿ, ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ನೋಡಿ. ಹಾಡು ಬರೆದವರ ಪಟ್ಟಿಯಲ್ಲಿ ಒಲಿವಿಯಾ ಹೆಸರಿನ ಜೊತೆಗೆ ಹೇಲಿ ವಿಲಿಯಮ್ಸ್, ಜಾಶ್ ಫ್ಯಾರೊ ಅಂತ ಎರಡು ಹೆಸರು ಇರ್ತವೆ. 2021ರ ಮೇ ತಿಂಗಳಲ್ಲಿ ಹಾಡು ಬಂದಾಗ ಈ ಎರಡು ಹೆಸರು ಇರಲಿಲ್ಲ. ಪ್ಯಾರಾಮೋರ್ ಬ್ಯಾಂಡಿನ 2007ರ ‘ಮಿಸರಿ ಬಿಸಿನೆಸ್’ ಹಾಡನ್ನು ಇದು ಹೋಲುತ್ತೆ ಅಂತ ಕೇಳಿದವರೆಲ್ಲ ಮಾತಾಡಿಕೊಂಡ ಮೇಲೆ, ಆ ಹಾಡು ಬರೆದ ಇಬ್ಬರ ಹೆಸರನ್ನೂ ಆಗಸ್ಟ್‌ನಲ್ಲಿ ಸೇರಿಸಿದರು.

ಇದು ಸುಮಾರು ಜನಕ್ಕೆ ಗೊತ್ತಿರೋ ಸುದ್ದಿ. ಅದರ ಹಿಂದಿನ ತಮಾಷೆ ಅಷ್ಟಾಗಿ ಗೊತ್ತಿಲ್ಲ. ‘ಮಿಸರಿ ಬಿಸಿನೆಸ್’ ಹೊರತಂದಿದ್ದು ‘ಫ್ಯೂಯೆಲ್ಡ್ ಬೈ ರಾಮೆನ್’ ಅನ್ನೋ ಲೇಬಲ್. ಅದನ್ನು ಶುರು ಮಾಡಿದವರಲ್ಲಿ ಒಬ್ಬ ಜಾನ್ ಜ್ಯಾನಿಕ್, ಆಗಿನ್ನೂ ಕಾಲೇಜು ಹುಡುಗ. ‘ಗುಡ್ ಫಾರ್ ಯು’ ಹೊರತಂದಿದ್ದು ಗೆಫೆನ್. ಆ ಗೆಫೆನ್ ಇರೋ ‘ಇಂಟರ್‌ಸ್ಕೋಪ್ ಗೆಫೆನ್ ಎ ಅಂಡ್ ಎಂ’ ಕಂಪನಿಯ ಮುಖ್ಯಸ್ಥ ಯಾರು? ಅದೇ ಜಾನ್ ಜ್ಯಾನಿಕ್. ಬ್ಯಾಂಡ್‌ಗಳು ಬರ್ತವೆ, ಒಡೀತವೆ, ಮತ್ತೆ ಒಂದಾಗ್ತವೆ. ಆದ್ರೆ ಪಾಪ್ ಪಂಕ್ ಕಥೆಯನ್ನು ಲೇಬಲ್‌ಗಳ ಕಡೆಯಿಂದ ನೋಡಿದ್ರೆ ಬೇರೆಯದೇ ಚಿತ್ರ ಕಾಣುತ್ತೆ. ಇವತ್ತು ಆ ಕಡೆಯಿಂದಲೇ ನೋಡೋಣ.

ಮೊದಲು ಪಾಪ್ ಪಂಕ್ ಅಂದ್ರೇನು ಅಂತ ಎರಡೇ ಮಾತು. ಪಂಕ್‌ನ ಓಡುವ ಡ್ರಮ್ಸು, ಒರಟು ಗಿಟಾರು, ಅದರ ಮೇಲೆ ಒಮ್ಮೆ ಕೇಳಿದರೆ ಬಾಯಿಗೆ ಅಂಟಿಕೊಳ್ಳೋ ರಾಗ. 1976ರಲ್ಲಿ ರಮೋನ್ಸ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ವಿಷಯ ಮಾತ್ರ ನಿಧಾನಕ್ಕೆ ಬದಲಾಯಿತು. ರಾಜಕೀಯದ ಸಿಟ್ಟಿಗಿಂತ ಊರ ಹೊರವಲಯದ ಬಡಾವಣೆಯಲ್ಲಿ ಮಾಡೋಕೆ ಕೆಲಸವಿಲ್ಲದ ಹುಡುಗರ ಬೇಜಾರು, ಕೈಕೊಟ್ಟ ಪ್ರೀತಿ, ಊರು ಬಿಟ್ಟು ಓಡಿಹೋಗೋ ಆಸೆ.

ಇನ್ನು ಹಕ್ಕಿನ ವಿಷಯ. ಇದು ಗೊತ್ತಿಲ್ಲದೆ ಮುಂದಿನದು ಅರ್ಥ ಆಗಲ್ಲ. ಒಂದು ಹಾಡಿಗೆ ಎರಡು ಹಕ್ಕು ಇರುತ್ತೆ. ಸಾಹಿತ್ಯ, ರಾಗ ಬರೆದವರ ಹಕ್ಕು ಒಂದು. ‘ಗುಡ್ ಫಾರ್ ಯು’ ಪಟ್ಟಿಗೆ ಹೇಲಿ, ಜಾಶ್ ಸೇರಿದ್ದು ಈ ಲೆಕ್ಕದಲ್ಲಿ. ಇನ್ನೊಂದು, ಸ್ಟುಡಿಯೊದಲ್ಲಿ ಮಾಡಿದ ರೆಕಾರ್ಡಿಂಗ್ ಮೇಲಿನ ಹಕ್ಕು. ಅದನ್ನೇ ‘ಮಾಸ್ಟರ್ಸ್’ ಅಂತಾರೆ. ಟೇಲರ್ ಸ್ವಿಫ್ಟ್ ತನ್ನ ಹಳೇ ಆಲ್ಬಮ್‌ಗಳನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಿದ್ದು ಈ ಎರಡನೇ ಹಕ್ಕು ಅವರ ಕೈಯಲ್ಲಿ ಇಲ್ಲದ ಕಾರಣಕ್ಕೆ. ಯಾವುದೇ ಆಲ್ಬಮ್ ಪುಟದ ತುದಿಗೆ ಹೋದ್ರೆ ವೃತ್ತದೊಳಗೆ ‘ಪಿ’ ಅಕ್ಷರ, ಪಕ್ಕದಲ್ಲಿ ಒಂದು ಹೆಸರು ಕಾಣುತ್ತೆ. ರೆಕಾರ್ಡಿಂಗ್ ಯಾರದ್ದು ಅಂತ ಹೇಳೋದು ಆ ಸಾಲು. ನಮ್ಮ ಸಿನಿಮಾದಲ್ಲಿ ‘ಆಡಿಯೊ ಹಕ್ಕು ಮಾರಾಟ ಆಯ್ತು’ ಅಂತಾರಲ್ಲ, ಅದಕ್ಕೆ ಹತ್ತಿರದ ಮಾತು.

ಈಗ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋಗೋಣ. 1986ರ ಡಿಸೆಂಬರ್ 31ರ ರಾತ್ರಿ ಅಲ್ಲಿ ‘924 ಗಿಲ್ಮನ್ ಸ್ಟ್ರೀಟ್’ ಅನ್ನೋ ಜಾಗ ಶುರುವಾಯಿತು. ನಡೆಸುವವರೆಲ್ಲ ಸ್ವಯಂಸೇವಕರು. ಯಾವ ವಯಸ್ಸಿನವರಾದರೂ ಒಳಗೆ ಬರಬಹುದು. ಕುಡಿತ, ಹೊಡೆದಾಟ, ಜನಾಂಗದ ನಿಂದನೆ ಯಾವುದಕ್ಕೂ ಜಾಗ ಇಲ್ಲ. ಇನ್ನೊಂದು ನಿಯಮವೂ ಇತ್ತು: ದೊಡ್ಡ ಕಂಪನಿಯ ಜೊತೆ ಸಹಿ ಹಾಕಿದ ಬ್ಯಾಂಡ್ ಇಲ್ಲಿ ಹಾಡುವಂತಿಲ್ಲ.

ಮರುವರ್ಷ, 1987ರಲ್ಲಿ, ಲ್ಯಾರಿ ಲಿವರ್‌ಮೋರ್ ಮತ್ತು ಡೇವಿಡ್ ಹೇಯ್ಸ್ ‘ಲುಕ್‌ಔಟ್ ರೆಕಾರ್ಡ್ಸ್’ ಶುರು ಮಾಡಿದರು. ಲಿವರ್‌ಮೋರ್ ಇದ್ದಿದ್ದು ಬರ್ಕ್ಲಿಯಿಂದ ಬಹಳ ದೂರದ ಬೆಟ್ಟದಲ್ಲಿ. ಅವರ ಸ್ವಂತ ಬ್ಯಾಂಡಿಗೆ ಡ್ರಮ್ಸ್ ಬಾರಿಸೋಕೆ ಸಿಕ್ಕಿದ್ದು ಪಕ್ಕದ ಮನೆಯ 12 ವರ್ಷದ ಹುಡುಗ. ಅವನಿಗೆ ‘ಟ್ರೇ ಕೂಲ್’ ಅಂತ ಹೆಸರಿಟ್ಟಿದ್ದೂ ಅವರೇ. ಹೌದು, ಮುಂದೆ ಗ್ರೀನ್ ಡೇ ಡ್ರಮ್ಮರ್ ಆದ ಅದೇ ಟ್ರೇ ಕೂಲ್. ಗ್ರೀನ್ ಡೇಯನ್ನು ಲಿವರ್‌ಮೋರ್ ಮೊದಲು ಕೇಳಿದ್ದು ಕೂಡ ಬೆಟ್ಟದ ಮೇಲಿನ ಒಂದು ಮನೆಯಲ್ಲಿ. ಕರೆಂಟ್ ಇಲ್ಲ, ಜನರೇಟರ್ ಹಚ್ಚಿಕೊಂಡು ಹಾಡಿದ್ದು, ಕೇಳೋಕೆ ಬಂದಿದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಬ್ಯಾಂಡಿನ ಹೆಸರು ಆಗಿನ್ನೂ ‘ಸ್ವೀಟ್ ಚಿಲ್ಡ್ರನ್’. 1989ರಲ್ಲಿ ಅವರ ಮೊದಲ ರೆಕಾರ್ಡ್ ಲುಕ್‌ಔಟ್‌ನಿಂದ ಬಂತು. 1990ರ ‘39/ಸ್ಮೂತ್’, ಅದಾದ ಮೇಲಿನ ‘ಕೆರ್‌ಪ್ಲಂಕ್’ ಎರಡೂ ಇದೇ ಲೇಬಲ್‌ನವು.

ಲುಕ್‌ಔಟ್‌ನ ಒಪ್ಪಂದ ಸರಳವಾಗಿತ್ತು. ಖರ್ಚು ಕಳೆದು ಉಳಿದಿದ್ದರಲ್ಲಿ 60 ಪಾಲು ಬ್ಯಾಂಡಿಗೆ, 40 ಲೇಬಲ್‌ಗೆ. ಇದು ಎಷ್ಟು ದೊಡ್ಡ ಮಾತು ಅನ್ನೋದಕ್ಕೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ರೆಕಾರ್ಡಿಂಗಿಗೆ 10 ಲಕ್ಷ ಖರ್ಚಾಯ್ತು ಅಂತಿಟ್ಕೊಳ್ಳಿ. ಲುಕ್‌ಔಟ್ ರೀತಿಯಲ್ಲಿ, ಬಂದ ಮೊದಲ 10 ಲಕ್ಷದಲ್ಲಿ ಆ ಖರ್ಚು ತೀರಿಹೋಗುತ್ತೆ. ಅಲ್ಲಿಂದ ಮುಂದೆ ಪ್ರತಿ 100 ರೂಪಾಯಿಗೆ 60 ಬ್ಯಾಂಡಿಗೆ. ದೊಡ್ಡ ಕಂಪನಿಯ ರೀತಿ ಬೇರೆ. ಅವರು 10 ಲಕ್ಷ ಅಡ್ವಾನ್ಸ್ ಕೊಡ್ತಾರೆ, ಬ್ಯಾಂಡಿನ ಪಾಲು 100ಕ್ಕೆ 15 ಅಂತ ಬರೀತಾರೆ ಅಂತಿಟ್ಕೊಳ್ಳಿ. ಆ ಅಡ್ವಾನ್ಸ್ ವಾಪಸ್ ಮುರಿದುಕೊಳ್ಳೋದು ಒಟ್ಟು ವ್ಯಾಪಾರದಿಂದ ಅಲ್ಲ, ಬ್ಯಾಂಡಿನ ಆ 15ರಿಂದ. ಅಂದ್ರೆ ಸುಮಾರು 67 ಲಕ್ಷದ ವ್ಯಾಪಾರ ಆಗೋ ತನಕ ಬ್ಯಾಂಡಿಗೆ ಹೊಸದಾಗಿ ಒಂದು ಪೈಸೆ ಬರಲ್ಲ. ಅಡ್ವಾನ್ಸ್ ಅನ್ನೋದು ಬಹುಮಾನ ಅಲ್ಲ, ಗಳಿಕೆಯಿಂದಲೇ ತೀರಬೇಕಾದ ಸಾಲ. ಇಷ್ಟಾದ ಮೇಲೂ ಮಾಸ್ಟರ್ಸ್ ಸಾಮಾನ್ಯವಾಗಿ ಕಂಪನಿಯ ಹತ್ತಿರವೇ ಉಳಿಯುತ್ತೆ.

ಹಾಗಿದ್ದೂ ಗ್ರೀನ್ ಡೇ 1993ರಲ್ಲಿ ವಾರ್ನರ್‌ನ ‘ರಿಪ್ರೈಸ್’ ಲೇಬಲ್‌ಗೆ ಸಹಿ ಹಾಕಿತು. ಯಾಕೆ? ಪುಟ್ಟ ಲೇಬಲ್ ಎಷ್ಟೇ ನ್ಯಾಯವಾಗಿ ಹಂಚಿದರೂ ಅಮೆರಿಕದ ಪ್ರತಿ ಊರಿನ ಅಂಗಡಿಗೆ ಕ್ಯಾಸೆಟ್, ಸಿಡಿ ತಲುಪಿಸೋ ತಾಕತ್ತು ಅದಕ್ಕಿರಲಿಲ್ಲ. 1994ರ ಫೆಬ್ರವರಿಯಲ್ಲಿ ‘ಡೂಕಿ’ ಬಂತು. ಅಮೆರಿಕ ಒಂದರಲ್ಲೇ 1 ಕೋಟಿ ಪ್ರತಿ ದಾಟಿತು. ಗಿಲ್ಮನ್ ಬಾಗಿಲು ಮುಚ್ಚಿತು. ಅಲ್ಲಿ ಬೆಳೆದ ಹುಡುಗರಿಗೆ ಅಲ್ಲೇ ಹಾಡೋಕೆ ಅವಕಾಶ ಇಲ್ಲ. ಅವರು ಮತ್ತೆ ಅಲ್ಲಿ ಹಾಡಿದ್ದು 2015ರಲ್ಲಿ, ಬೆಂಕಿ ಅವಘಡದ ಸಂತ್ರಸ್ತರಿಗಾಗಿ ನಡೆದ ಒಂದು ಸಹಾಯಾರ್ಥ ಕಾರ್ಯಕ್ರಮದಲ್ಲಿ.

ಆದರೆ ಹಳೆಯ ಎರಡು ಆಲ್ಬಮ್‌ಗಳನ್ನು ಗ್ರೀನ್ ಡೇ ಲುಕ್‌ಔಟ್‌ನಲ್ಲೇ ಬಿಟ್ಟಿತು. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಮುಖ್ಯ ಅನ್ನಿಸೋದು ಇದು. ‘ಡೂಕಿ’ ಕೇಳಿದವರು ಹಿಂದಿನದನ್ನೂ ಹುಡುಕಿಕೊಂಡು ಬಂದರು. ಪುಟ್ಟ ಲೇಬಲ್‌ಗೆ ದುಡ್ಡು ಹರಿದು ಬಂತು. 1997ರಲ್ಲಿ ಲಿವರ್‌ಮೋರ್ ಲೇಬಲ್ ಬಿಟ್ಟರು. ಉಳಿದವರು ಕೈಬಿಚ್ಚಿ ಖರ್ಚು ಮಾಡಿದರು: ಹೊಸ ಬ್ಯಾಂಡ್‌ಗಳು, ಪ್ರಚಾರ, ವಿಡಿಯೊ. ಹಳೇ ಬ್ಯಾಂಡ್‌ಗಳ ರಾಯಲ್ಟಿ ಬಾಕಿ ಬೀಳ್ತಾ ಹೋಯಿತು. ಗ್ರೀನ್ ಡೇ ವರ್ಷಗಟ್ಟಲೆ ಕಾದು, 2005ರಲ್ಲಿ ತನ್ನ ರೆಕಾರ್ಡಿಂಗ್‌ಗಳನ್ನು ವಾಪಸ್ ತೆಗೆದುಕೊಂಡಿತು. ಲುಕ್‌ಔಟ್ ತನ್ನ 9 ಸಿಬ್ಬಂದಿಯಲ್ಲಿ 6 ಜನರನ್ನು ಮನೆಗೆ ಕಳಿಸಿ, ಹೊಸ ಆಲ್ಬಮ್ ತರೋದು ನಿಲ್ಲಿಸಿತು. 2012ರಲ್ಲಿ ಪೂರ್ತಿ ಮುಚ್ಚಿತು. ಆಮೇಲೆ ಲಿವರ್‌ಮೋರ್ ಒಂದು ಪುಸ್ತಕ ಬರೆದರು. ರೆಕಾರ್ಡ್ ಲೇಬಲ್ ‘ನಡೆಸೋದು’ ಹೇಗೆ, ‘ಹಾಳು ಮಾಡೋದು’ ಹೇಗೆ ಅಂತ ಎರಡೂ ಅರ್ಥ ಒಂದೇ ಪದದಲ್ಲಿ ಬರೋ ಹಾಗೆ ಅದರ ಶೀರ್ಷಿಕೆ.

‘ಪುಟ್ಟ ಲೇಬಲ್ ಒಳ್ಳೇದು, ದೊಡ್ಡ ಕಂಪನಿ ಕೆಟ್ಟದು’ ಅಂತ ಪಂಕ್ ಜನ ಹೇಳ್ತಾರಲ್ಲ, ನನಗೆ ಅದು ಅರ್ಧ ಸತ್ಯ ಅನ್ನಿಸೋದು ಇದಕ್ಕೇ. 60 ಪಾಲು ಅಂತ ಒಪ್ಪಿಕೊಂಡರೆ ಸಾಲದು, ಆ 60 ಕೈಗೆ ಬರಬೇಕು.

ಅದೇ 1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದರ ಇನ್ನೊಂದು ಮುಖ ಕಾಣಿಸಿತು. ‘ಎಪಿಟಾಫ್’ ಅನ್ನೋ ಲೇಬಲ್, ಬ್ಯಾಡ್ ರಿಲಿಜನ್ ಬ್ಯಾಂಡಿನ ಗಿಟಾರಿಸ್ಟ್ ಬ್ರೆಟ್ ಗುರೆವಿಟ್ಜ್ ಅವರದ್ದು. ತಮ್ಮದೇ ಬ್ಯಾಂಡಿನ ರೆಕಾರ್ಡ್ ಹೊರತರೋಕೆ ಮಾಡಿಕೊಂಡಿದ್ದು. ಅಲ್ಲಿಂದ ಬಂದ ‘ದಿ ಆಫ್‌ಸ್ಪ್ರಿಂಗ್’ ಬ್ಯಾಂಡಿನ ‘ಸ್ಮ್ಯಾಶ್’ ಆಲ್ಬಮ್ ಜಗತ್ತಿನಾದ್ಯಂತ 1 ಕೋಟಿಗಿಂತ ಹೆಚ್ಚು ಮಾರಾಟ ಆಯಿತು. ಸ್ವತಂತ್ರ ಲೇಬಲ್‌ನಿಂದ ಬಂದ ಆಲ್ಬಮ್‌ಗಳಲ್ಲಿ ಇದರಷ್ಟು ಮಾರಾಟವಾಗಿದ್ದು ಇನ್ನೊಂದಿಲ್ಲ ಅಂತಾರೆ. ಒಂದು ತಮಾಷೆ ನೋಡಿ: ಗುರೆವಿಟ್ಜ್ ಅವರ ಸ್ವಂತ ಬ್ಯಾಂಡ್ ಅಷ್ಟೊತ್ತಿಗೆ ಅಟ್ಲಾಂಟಿಕ್ ಅನ್ನೋ ದೊಡ್ಡ ಕಂಪನಿಗೆ ಸಹಿ ಹಾಕಿ ಆಗಿತ್ತು! ಆಫ್‌ಸ್ಪ್ರಿಂಗ್ ಕೂಡ 1996ರಲ್ಲಿ ಕೊಲಂಬಿಯಾಗೆ ಹೋಯಿತು. ಆದರೂ ಎಪಿಟಾಫ್ ಉಳಿಯಿತು, ಇವತ್ತಿಗೂ ಇದೆ. ಹಲವು ಬ್ಯಾಂಡ್‌ಗಳ ಒಂದೊಂದು ಹಾಡು ಸೇರಿಸಿ ಅಗ್ಗದ ಬೆಲೆಗೆ ‘ಪಂಕ್-ಓ-ರಾಮಾ’ ಅಂತ ಸಿಡಿ ತರ್ತಿದ್ದರು. ಆಗಿನ ಕಾಲದ ಪ್ಲೇಲಿಸ್ಟ್ ಅದು. ಸ್ಕೇಟ್‌ಬೋರ್ಡ್ ವಿಡಿಯೊ ಗೇಮ್‌ಗಳು, 1995ರಲ್ಲಿ ಶುರುವಾಗಿ ಊರೂರು ಸುತ್ತಿದ ‘ವಾರ್ಪ್ಡ್ ಟೂರ್’ ಇವೆಲ್ಲ ಸೇರಿ ರೇಡಿಯೊ ಹಾಕದ ಬ್ಯಾಂಡ್‌ಗಳನ್ನೂ ಹುಡುಗರ ಕಿವಿಗೆ ತಲುಪಿಸಿದವು.

1999ರಲ್ಲಿ ಬ್ಲಿಂಕ್-182ರ ‘ಎನಿಮಾ ಆಫ್ ದ ಸ್ಟೇಟ್’ ಬಂದ ಮೇಲೆ ದೊಡ್ಡ ಕಂಪನಿಗಳು ಒಂದು ಪಾಠ ಕಲಿತವು. ಹೊಸ ಬ್ಯಾಂಡನ್ನು ತಾವೇ ಹುಡುಕೋದಕ್ಕಿಂತ, ಹುಡುಕೋದು ಗೊತ್ತಿರೋ ಪುಟ್ಟ ಲೇಬಲ್ ಜೊತೆ ಒಪ್ಪಂದ ಮಾಡಿಕೊಳ್ಳೋದು ಸುಲಭ. ಅಣ್ಣ-ತಂಗಿ ಥರ ಇಬ್ಬರು ಒಡಹುಟ್ಟಿದವರು, ರಿಚರ್ಡ್ ಮತ್ತು ಸ್ಟೆಫನಿ ರೈನ್ಸ್, 1996ರಲ್ಲಿ ಶುರು ಮಾಡಿದ ‘ಡ್ರೈವ್-ಥ್ರೂ’ ಲೇಬಲ್ ನ್ಯೂ ಫೌಂಡ್ ಗ್ಲೋರಿಯಂಥ ಬ್ಯಾಂಡ್‌ಗಳನ್ನು ಬೆಳೆಸಿತು. ಬೆಳೆದ ಬ್ಯಾಂಡನ್ನು ಎಂಸಿಎ ಕಂಪನಿ ಮೇಲಕ್ಕೆತ್ತಿಕೊಳ್ಳಬಹುದಿತ್ತು. 2003ರಲ್ಲಿ ಎಂಸಿಎ ಕಂಪನಿಯೇ ಗೆಫೆನ್‌ನಲ್ಲಿ ಕರಗಿಹೋಯಿತು.

ಈ ಆಟವನ್ನು ಚೆನ್ನಾಗಿ ಆಡಿದ್ದು ಫ್ಯೂಯೆಲ್ಡ್ ಬೈ ರಾಮೆನ್. 1996, ಫ್ಲಾರಿಡಾದ ಗೇನ್ಸ್‌ವಿಲ್. ಲೆಸ್ ದ್ಯಾನ್ ಜೇಕ್ ಬ್ಯಾಂಡಿನ ಡ್ರಮ್ಮರ್ ವಿನ್ನಿ ಫಿಯೊರೆಲ್ಲೊ ಜೊತೆ ಜ್ಯಾನಿಕ್ ಇದನ್ನು ಶುರು ಮಾಡಿದರು. ಇದ್ದ ದುಡ್ಡೆಲ್ಲ ಲೇಬಲ್‌ಗೆ, ಹೊಟ್ಟೆಗೆ ಅಗ್ಗದ ರಾಮೆನ್ ನೂಡಲ್ಸ್. ನಮ್ಮ ಹಾಸ್ಟೆಲ್ ಹುಡುಗರು ಲೇಬಲ್ ಮಾಡಿ ‘ಮ್ಯಾಗಿ ಬಲದಿಂದ’ ಅಂತ ಹೆಸರಿಟ್ಟ ಹಾಗೆ. 2003ರಲ್ಲಿ ಫಾಲ್ ಔಟ್ ಬಾಯ್‌ನ ‘ಟೇಕ್ ದಿಸ್ ಟು ಯುವರ್ ಗ್ರೇವ್’ ಬಂದಿದ್ದು ಇಲ್ಲಿಂದ. ಅದರ ರೆಕಾರ್ಡಿಂಗಿಗೆ ಅಡ್ವಾನ್ಸ್ ಕೊಟ್ಟಿದ್ದು ಮಾತ್ರ ದೊಡ್ಡ ಕಂಪನಿ ಐಲ್ಯಾಂಡ್. ಷರತ್ತು ಇಷ್ಟೇ: ಮುಂದಿನ ಆಲ್ಬಮ್ ಬೇಕೋ ಬೇಡವೋ ಅಂತ ಮೊದಲು ಹೇಳೋ ಹಕ್ಕು ನಮ್ಮದು. 2005ರ ಆಲ್ಬಮ್ ಐಲ್ಯಾಂಡ್‌ನಿಂದಲೇ ಬಂತು.

ಪ್ಯಾರಾಮೋರ್ ಕಥೆ ಇನ್ನೂ ವಿಚಿತ್ರ. 2003ರಲ್ಲಿ ಅಟ್ಲಾಂಟಿಕ್ ಕಂಪನಿ ಸಹಿ ಹಾಕಿಸಿಕೊಂಡಿದ್ದು ಬ್ಯಾಂಡಿನ ಹತ್ತಿರ ಅಲ್ಲ, ಹೇಲಿ ವಿಲಿಯಮ್ಸ್ ಒಬ್ಬಳ ಹತ್ತಿರ. ಆಗಿನ್ನೂ ಹದಿಹರೆಯದ ಹುಡುಗಿ. ಒಂಟಿ ಪಾಪ್ ಗಾಯಕಿ ಮಾಡೋದು ಕಂಪನಿಯ ಲೆಕ್ಕ, ‘ನನಗೆ ಬ್ಯಾಂಡೇ ಬೇಕು’ ಅನ್ನೋದು ಅವಳ ಹಟ. ಹಟ ಗೆದ್ದಿತು. ಆದರೆ ಮೊದಲ ಆಲ್ಬಮ್ ಮೇಲೆ ದೊಡ್ಡ ಕಂಪನಿಯ ಮುದ್ರೆ ಕಂಡರೆ ಪಂಕ್ ಹುಡುಗರು ಮೂಗು ಮುರೀತಾರೆ ಅಂತ ಅದನ್ನು ಫ್ಯೂಯೆಲ್ಡ್ ಬೈ ರಾಮೆನ್ ಹೆಸರಲ್ಲಿ ತಂದರು. ಪುಟ್ಟ ಲೇಬಲ್‌ನ ಹೆಸರೇ ಈಗ ಒಂದು ಸರಕು! ಬ್ಯಾಂಡಿನ ಉಳಿದವರಿಗೆ ಒಪ್ಪಂದದಲ್ಲಿ ಜಾಗ ಇರಲಿಲ್ಲ. 2010ರ ಕೊನೆಗೆ ಜಾಶ್ ಮತ್ತು ಜ್ಯಾಕ್ ಫ್ಯಾರೊ ಬ್ಯಾಂಡ್ ಬಿಟ್ಟಾಗ ತೋಡಿಕೊಂಡ ಅಸಮಾಧಾನದಲ್ಲಿ ಇದೂ ಒಂದು. ಜ್ಯಾಕ್ ಮುಂದೆ ವಾಪಸ್ ಬಂದರು.

ಹೇಲಿಯ ಆ ಒಪ್ಪಂದಕ್ಕೆ ‘360 ಡೀಲ್’ ಅಂತ ಹೆಸರು. ಅಂಥ ಒಪ್ಪಂದಗಳ ಪೈಕಿ ಮೊದಮೊದಲಿನದು. ಹೆಸರೇ ಹೇಳುವ ಹಾಗೆ ಸುತ್ತಲೂ 360 ಡಿಗ್ರಿ: ಆಲ್ಬಮ್ ಅಷ್ಟೇ ಅಲ್ಲ, ಕಾನ್ಸರ್ಟ್ ಟಿಕೆಟ್, ಟೀ ಶರ್ಟ್ ದುಡ್ಡಿನಲ್ಲೂ ಕಂಪನಿಗೆ ಪಾಲು. 1999ರಲ್ಲಿ ನ್ಯಾಪ್‌ಸ್ಟರ್ ಬಂದು ಜನ ಎಂಪಿ3 ಪುಕ್ಕಟೆ ಇಳಿಸಿಕೊಳ್ಳೋಕೆ ಶುರು ಮಾಡಿದ ಮೇಲೆ ಸಿಡಿ ವ್ಯಾಪಾರ ಬಿತ್ತು. ಬ್ಯಾಂಡ್‌ಗಳ ಕೈಯಲ್ಲಿ ಉಳಿದಿದ್ದು ವೇದಿಕೆ ಮತ್ತು ಟೀ ಶರ್ಟ್. ಕಂಪನಿಗಳ ಕಣ್ಣು ಅಲ್ಲಿಗೂ ಹೋಯಿತು. ‘ನಾವು ವರ್ಷಗಟ್ಟಲೆ ತಾಳ್ಮೆಯಿಂದ ಕಲಾವಿದರನ್ನು ಬೆಳೆಸ್ತೀವಿ, ಅದಕ್ಕೆ ಪಾಲು’ ಅನ್ನೋದು ಅವರ ವಾದ. ಪ್ಯಾರಾಮೋರ್ ವಿಷಯದಲ್ಲಿ ಬೆಳೆಸಿದ್ದು ನಿಜ ಅಂತಲೇ ನಾನು ಒಪ್ತೀನಿ. ಆದರೆ ಹೈಸ್ಕೂಲ್ ವಯಸ್ಸಲ್ಲಿ ಹಾಕಿದ ಸಹಿ 20 ವರ್ಷ ಹಿಡಿದಿಟ್ಟುಕೊಳ್ಳೋದು ಸ್ವಲ್ಪ ದುಬಾರಿ ಬೆಲೆಯೇ.

ಆ ಒಪ್ಪಂದ ಮುಗಿದಿದ್ದು 2023ರಲ್ಲಿ, ‘ದಿಸ್ ಈಸ್ ವೈ’ ಆಲ್ಬಮ್ ಬಂದ ಮೇಲೆ. 2025ರ ಬೇಸಿಗೆಯಲ್ಲಿ ಹೇಲಿ ಒಂಟಿಯಾಗಿ 17 ಹೊಸ ಹಾಡು ಬಿಟ್ಟರು. ಮೊದಲು ತನ್ನದೇ ವೆಬ್‌ಸೈಟ್‌ನಲ್ಲಿ, ಪಾಸ್‌ವರ್ಡ್ ಇದ್ದವರಿಗಷ್ಟೇ. ಆಮೇಲೆ ಸ್ಪಾಟಿಫೈ ಥರದ ಆ್ಯಪ್‌ಗಳಲ್ಲಿ 17 ಬಿಡಿ ಹಾಡುಗಳಾಗಿ. ಯಾವುದು ಮೊದಲು, ಯಾವುದು ಕೊನೆ ಅನ್ನೋದು ಅಭಿಮಾನಿಗಳಿಗೇ ಬಿಟ್ಟಿದ್ದು. ಜನ ತಮ್ಮ ತಮ್ಮ ಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿಕೊಂಡು ಕೇಳಿದರು. ಅದು ಆಲ್ಬಮ್ ಆಗಿ ಬಂದಾಗ ಮೇಲಿದ್ದ ಲೇಬಲ್ ಹೇಲಿಯವರ ಸ್ವಂತದ್ದು. ಅದಕ್ಕೆ ಅವರು ಇಟ್ಟ ಹೆಸರು ‘ಪೋಸ್ಟ್ ಅಟ್ಲಾಂಟಿಕ್’, ಅಂದ್ರೆ ‘ಅಟ್ಲಾಂಟಿಕ್ ನಂತರ’.

ಇವತ್ತಿಗೆ ಇಷ್ಟು. ಮುಂದಿನ ವಾರ ಸಿಗೋಣ.