ಚಾರಣದ ಚೀಲಕ್ಕೆ ಮಚ್ಚು ಬೇಡ, ತಾಡಪತ್ರಿ ಇರಲಿ



ಮಳೆಗಾಲ ಶುರುವಾಯಿತೆಂದರೆ ನಮ್ಮ ಹುಡುಗ ಹುಡುಗಿಯರು ಶನಿವಾರ ರಾತ್ರಿ ಕಸಾರಾ ಲೋಕಲ್ ಹಿಡಿದು ಸಹ್ಯಾದ್ರಿಯ ಕಡೆ ಹೊರಟೇಬಿಡುತ್ತಾರೆ. ಚೀಲ ಬಿಚ್ಚಿ ನೋಡಿದರೆ ಚಿಪ್ಸ್ ಪೊಟ್ಟಣ, ಪವರ್ ಬ್ಯಾಂಕು, ಇನ್ನೊಂದು ಜೀನ್ಸ್ ಪ್ಯಾಂಟು. ಸಂಜೆಯೊಳಗೆ ಇಳಿದು ಬರುವುದಾದರೆ ಇಷ್ಟು ಸಾಕು. ಆದರೆ ಮಂಜು ಕವಿದು, ದಾರಿ ತಪ್ಪಿ, ರಾತ್ರಿಯನ್ನು ಬೆಟ್ಟದಲ್ಲೇ ಕಳೆಯಬೇಕಾಗಿ ಬಂದರೆ? 2023ರ ಆಗಸ್ಟಿನಲ್ಲಿ ಪುಣೆಯಿಂದ ಹೋದ ಗುಂಪೊಂದು ಹರಿಶ್ಚಂದ್ರಗಡದಲ್ಲಿ ಹೀಗೇ ದಾರಿ ತಪ್ಪಿತು. ಮಳೆ ಮತ್ತು ಚಳಿಗೆ ಅವರಲ್ಲೊಬ್ಬರು ಜೀವ ಕಳೆದುಕೊಂಡರು.

ಹಿಮಾಲಯವಲ್ಲ, ನಮ್ಮ ಪಕ್ಕದ ಬೆಟ್ಟ. ಇಲ್ಲಿ ಚಳಿಗೆ ಸಾಯುವುದೆಂದರೇನು ಎಂದು ನೀವು ಕೇಳಬಹುದು. ಬಟ್ಟೆ ನೆನೆದು ಮೈಗೆ ಅಂಟಿಕೊಂಡಾಗ ನೀರು ಒಣ ಗಾಳಿಗಿಂತ ಬಹಳ ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಗಾಳಿ ಬೀಸಿದರೆ ಹದಿನೈದು ಡಿಗ್ರಿಯೂ ಅಪಾಯವೇ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಊಟವಿಲ್ಲದೆ ಒಂದು ರಾತ್ರಿ ಕಳೆಯಬಹುದು. ಒದ್ದೆ ಮೈಯಲ್ಲಿ, ಬೀಸುವ ಗಾಳಿಯಲ್ಲಿ ಕಳೆಯುವುದು ಕಷ್ಟ.

ಹಾಗಾಗಿ ಚೀಲದಲ್ಲಿ ಮೊದಲ ಜಾಗ ತಾಡಪತ್ರಿಗೆ. ಮಲೆನಾಡಿನವರು ಟಾರ್ಪಾಲು ಅನ್ನುತ್ತಾರೆ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ತೆಳು ಹಾಳೆ ಸುಮಾರು ಒಂದು ಕಿಲೋ ತೂಗುತ್ತದೆ. ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ತಾಗಿಸಿ ಕಲ್ಲು ಹೇರಿದರೆ ನಾಲ್ಕು ಜನ ಒತ್ತಿಕೊಂಡು ಕೂರಬಹುದು. ಮರವಿಲ್ಲದ ಬಯಲಾದರೆ ಎಲ್ಲರೂ ಅದನ್ನೇ ಸುತ್ತಿಕೊಂಡು ಕೂತರಾಯಿತು, ಮುಖ ಮಾತ್ರ ಹೊರಗಿರಲಿ. ಮಳೆನೀರು ಹಿಡಿಯಲೂ ಅದೇ. 10 ಮಿಲಿಮೀಟರ್ ಮಳೆಗೆ ಇಷ್ಟು ಹಾಳೆಯ ಮೇಲೆ 90 ಲೀಟರ್ ನೀರು ಬೀಳುತ್ತದೆ ಎಂದರೆ ನಂಬುತ್ತೀರಾ? ಬಣ್ಣ ಕಿತ್ತಳೆ ಅಥವಾ ಹಳದಿ ಇದ್ದರೆ ಹುಡುಕಿಕೊಂಡು ಬರುವವರ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ಕಾಡಿನ ಬಣ್ಣ ಚಂದವೆಂದು ಹಸಿರು ಕೊಂಡವರನ್ನು ಯಾರು ಹುಡುಕಬೇಕು!

ಎರಡನೆಯದು ಕಂಬಳಿ. ನಮ್ಮ ಅಜ್ಜಂದಿರು ಕಂಬಳಿಕೊಪ್ಪೆ ಹಾಕಿಕೊಂಡೇ ಗದ್ದೆ ಉತ್ತವರು. ಇಲ್ಲಿನ ಧನಗರರ ಘೋಂಗಡಿಯೂ ಅದೇ ಜಾತಿಯದು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿದಿಡುತ್ತದೆ, ಹತ್ತಿಬಟ್ಟೆಗೆ ಆ ಗುಣವಿಲ್ಲ. ನೆಂದ ಕಂಬಳಿ ಕಲ್ಲಿನಷ್ಟು ಭಾರವಾಗುವುದೂ ನಿಜ. ಅದಕ್ಕೇ ದೊಡ್ಡದೊಂದು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಕಟ್ಟಿಡಿ. ರಾತ್ರಿ ಕಂಬಳಿ ಹೊರಗೆ ಬಂದಾಗ, ಖಾಲಿ ಚೀಲದೊಳಗೆ ಕಾಲಿಳಿಸಿ ಸೊಂಟದವರೆಗೆ ಎಳೆದುಕೊಳ್ಳಬಹುದು.

ಮೂರನೆಯದು ಹಿಡಿಕೆ, ಮುಚ್ಚಳ ಎರಡೂ ಇರುವ ಎರಡು ಲೀಟರಿನ ಸ್ಟೀಲಿನ ಹಾಲಿನ ಕ್ಯಾನು. ಹೋಗುವಾಗ ಅದರೊಳಗೆ ಅವಲಕ್ಕಿ, ಬೆಲ್ಲ, ಬೆಂಕಿಪೊಟ್ಟಣ, ಟಾರ್ಚು ಬೆಚ್ಚಗಿರುತ್ತವೆ. ಆಮೇಲೆ ಅದರಲ್ಲೇ ನೀರು ತರಬಹುದು, ಕಾಯಿಸಬಹುದು, ಚಮಚದಿಂದ ಬಡಿದು ಸದ್ದು ಮಾಡಬಹುದು. ತೊರೆಯ ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಎರಡು ಸಾವಿರ ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು. ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1646 ಮೀಟರ್ ಆದ್ದರಿಂದ ಆ ಚಿಂತೆ ಇಲ್ಲಿಲ್ಲ. ಮಳೆಯಲ್ಲಿ ಸೌದೆ ಹತ್ತುವುದು ಅಷ್ಟರಲ್ಲೇ ಇದೆ, ಹಾಗಾಗಿ ಔಷಧಿ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಮಾತ್ರೆಗಳೂ ಕ್ಯಾನಿನಲ್ಲಿರಲಿ. ಸ್ಟವ್ ಇದ್ದರಾಯಿತಲ್ಲ ಅನ್ನುವವರಿಗೆ ಒಂದು ಮಾತು: ಗ್ಯಾಸ್, ಸೀಮೆಎಣ್ಣೆಯನ್ನು ರೈಲಿನಲ್ಲಿ ಒಯ್ಯುವಂತಿಲ್ಲ.

ಹಗ್ಗ ಹದಿನೈದು ಮೀಟರ್ ನೈಲಾನ್ ಸಾಕು. ತಾಡಪತ್ರಿ ಕಟ್ಟಲು, ಹರಿದ ಚೀಲ ಬಿಗಿಯಲು ಅದು ಸರಿ. ಬಟ್ಟೆ ಒಣಹಾಕುವ ಈ ಹಗ್ಗವನ್ನು ನಂಬಿ ಬಂಡೆ ಇಳಿಯುವುದಾಗಲಿ, ತುಂಬಿದ ಹಳ್ಳ ದಾಟುವುದಾಗಲಿ ಸಾಹಸವಲ್ಲ, ಆತ್ಮಹತ್ಯೆ. ಹಳ್ಳ ಇಳಿಯುವವರೆಗೆ ಈಚೆ ದಡದಲ್ಲೇ ಕೂರಬೇಕು. ಕೂರಲೆಂದೇ ತಾಡಪತ್ರಿ ಇದೆಯಲ್ಲ.

ಇನ್ನು ಮಚ್ಚು. ಟಿವಿಯಲ್ಲಿ ಕಾಡಿಗೆ ಹೋಗುವವರೆಲ್ಲ ಸೊಂಟಕ್ಕೆ ದೊಡ್ಡ ಕತ್ತಿ ಕಟ್ಟಿರುತ್ತಾರೆ, ನಮ್ಮ ಹುಡುಗರಿಗೂ ಅದೇ ಆಸೆ. ಆದರೆ ಕಳಸೂಬಾಯಿ, ಹರಿಶ್ಚಂದ್ರಗಡ ಎರಡೂ ವನ್ಯಜೀವಿ ಅಭಯಾರಣ್ಯದೊಳಗಿವೆ. ಊರಿಗೆ ಹೋದಾಗ ಹತ್ತುವ ಕುಮಾರಪರ್ವತವೂ ಪುಷ್ಪಗಿರಿ ಅಭಯಾರಣ್ಯದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯಕ್ಕೆ ಹೋಗುವಂತಿಲ್ಲ, ಆ ಕಾಯ್ದೆಯ ಲೆಕ್ಕದಲ್ಲಿ ಚಾಕುವೂ ಆಯುಧವೇ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವುದೂ ಅದರಡಿ ಅಪರಾಧ. ತಾಡಪತ್ರಿ ಇದ್ದವರಿಗೆ ಕೊಂಬೆ ಕಡಿದು ಗುಡಿಸಲು ಕಟ್ಟುವ ಕೆಲಸವೂ ಇಲ್ಲ. ಹಗ್ಗ ಕತ್ತರಿಸಲು ಒಂದು ಸಣ್ಣ ಕತ್ತರಿ ಸಾಕು.

ಇಷ್ಟೆಲ್ಲ ನಲವತ್ತೈದು ಲೀಟರಿನ ಚೀಲದಲ್ಲಿ ಹಿಡಿಯುತ್ತದೆ. ಗುಂಪಾಗಿ ಹೋಗುವವರು ಹಂಚಿಕೊಂಡು ಹೊರಿ, ಆದರೆ ತಾಡಪತ್ರಿ ಮತ್ತು ಹಗ್ಗ ಒಬ್ಬರ ಬಳಿಯೇ ಒಟ್ಟಿಗಿರಲಿ. ಹೊರಡುವ ಮುಂಚೆ ಒಂದು ಮಳೆಯ ಸಂಜೆ, ಸೊಸೈಟಿಯ ಸೆಕ್ರೆಟರಿಗೆ ಒಂದು ಮಾತು ಹೇಳಿ, ತಾರಸಿಯ ಮೇಲೆ ನೀರಿನ ಟಾಂಕಿಯ ಕಂಬಗಳಿಗೆ ಅದನ್ನು ಕಟ್ಟಿ ಅರ್ಧ ಗಂಟೆ ಅಡಿಯಲ್ಲಿ ಕೂತು ನೋಡಿ. ಗುಡುಗು ಮಿಂಚು ಇದ್ದರೆ ಮಾತ್ರ ಬೇಡ. ಗಂಟು ಎಲ್ಲಿ ಜಾರುತ್ತದೆ, ನೀರು ಯಾವ ಮೂಲೆಯಿಂದ ಒಳಗೆ ಬರುತ್ತದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.