ಮಗುವಿನ ನಡಿಗೆ ಅಳೆದ ಶಾಲೆಗಳು

ಅಮೆರಿಕದ ಹೊಲಗಳ ನಡುವೆ ಅಲ್ಲಲ್ಲಿ ಉಳಿದಿರುವ ಒಂದು ಕೋಣೆಯ ಶಾಲೆಗಳು ಅಲ್ಲೇ ಏಕೆ ಹುಟ್ಟಿದವು? ಕ್ಯಾಮೆರಾ ಹಿಡಿದವರು ಅವನ್ನು ಹುಡುಕುವ ದಾರಿಯಲ್ಲೇ ಉತ್ತರವಿದೆ.

ಅಮೆರಿಕದ ಹಳೆಯ ಸರ್ಕಾರಿ ಭೂನಕ್ಷೆಗಳಲ್ಲಿ ಪುಟ್ಟ ಕಪ್ಪು ಚೌಕ, ಅದರ ಮೇಲೊಂದು ಬಾವುಟ ಕಂಡರೆ ಅದು ಶಾಲೆ. ಹಳ್ಳಿಗಾಡಿನ ಹಳೆಯ ಶಾಲೆಗಳ ಫೋಟೊ ತೆಗೆಯಲು ಹೊರಡುವವರಿಗೆ ಈ ಬಾವುಟಗಳೇ ದಾರಿದೀಪ. ಕನ್ಸಾಸ್, ನೆಬ್ರಾಸ್ಕ, ಅಯೋವಾ ಕಡೆಯ ನಕ್ಷೆ ಹರಡಿದರೆ ಕೆಲವೇ ಮೈಲಿಗೊಂದರಂತೆ ಬಾವುಟ ಸಿಗುತ್ತವೆ. ಸುತ್ತ ಊರಿರುವುದಿಲ್ಲ. ಎರಡು ಮಣ್ಣುರಸ್ತೆ ಕೂಡುವಲ್ಲಿ, ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಶಾಲೆ.

ಈ ಹಂಚಿಕೆಯ ಮೊದಲ ಗೆರೆ ಬಿದ್ದದ್ದು 1785ರಲ್ಲಿ. ಆ ವರ್ಷದ ಭೂಶಾಸನ ಪಶ್ಚಿಮದ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ವಿಂಗಡಿಸಿತು. ಒಂದೊಂದರಲ್ಲೂ 640 ಎಕರೆಯ 36 ತುಂಡು. 16ನೆಯದು ಶಾಲೆಗೆ ಮೀಸಲು. ಕಟ್ಟಡ ಅಲ್ಲೇ ಏಳಬೇಕೆಂದೇನಿರಲಿಲ್ಲ. ಆ ನೆಲದ ಗೇಣಿಯೋ ಮಾರಿ ಬಂದ ಹಣವೋ ಶಾಲೆಯ ಖರ್ಚಿಗೆ ಸಲ್ಲಬೇಕಿತ್ತು. ಆಮೇಲೆ 1862ರ ಹೋಮ್‌ಸ್ಟೆಡ್ ಕಾಯ್ದೆ ಬಂತು. ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲದಲ್ಲಿ ವಲಸಿಗರಿಗೆ 160 ಎಕರೆಯವರೆಗೆ ಸಿಕ್ಕಿತು. ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಬೇಕೆಂಬುದು ಷರತ್ತು. ನಮ್ಮ ಬಯಲುಸೀಮೆಯಂತೆ ಮನೆಗಳೆಲ್ಲ ಊರೊಳಗೆ, ಹೊಲ ಊರಾಚೆ ಎಂಬ ಏರ್ಪಾಡಲ್ಲ ಅದು. ಒಬ್ಬೊಬ್ಬರ ಮನೆ ಒಬ್ಬೊಬ್ಬರ ಹೊಲದಲ್ಲಿ. ಹಾಗಾಗಿ ಎಲ್ಲ ದಿಕ್ಕಿನ ಮಕ್ಕಳೂ ಎರಡು ಮೂರು ಮೈಲಿಯೊಳಗೆ ನಡೆದು ಮುಟ್ಟುವ ಜಾಗ ನೋಡಿ ರೈತರೇ ಶಾಲೆ ಕಟ್ಟಿಕೊಂಡರು.

ಕಟ್ಟಲು ಕೈಗೆ ಸಿಕ್ಕಿದ್ದೇ ಸಾಮಗ್ರಿ. ಮರವಿಲ್ಲದ ನೆಬ್ರಾಸ್ಕದಲ್ಲಿ ಬೇರುಸಮೇತ ಕೊಯ್ದ ಹುಲ್ಲುಹೆಂಟೆಯ ಗೋಡೆ. ಕನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಸುಣ್ಣಕಲ್ಲು. ಅಲ್ಲಿ 1882ರಲ್ಲಿ ಕಟ್ಟಿದ ಲೋವರ್ ಫಾಕ್ಸ್ ಕ್ರೀಕ್ ಶಾಲೆ ಹುಲ್ಲುಗಾವಲ ದಿಬ್ಬದ ಮೇಲೆ ಇಂದಿಗೂ ಒಂಟಿಯಾಗಿ ನಿಂತಿದೆ. ಜನಪ್ರಿಯ ಚಿತ್ರಗಳಲ್ಲಿ ಹಳ್ಳಿ ಶಾಲೆ ಎಂದರೆ ಕೆಂಪು ಬಣ್ಣ. ಹುಡುಕಿ ಹೋದವರಿಗೆ ಹೆಚ್ಚಾಗಿ ಎದುರಾಗುವುದು ಬಿಳಿ ಬಣ್ಣ ಸುಲಿದ ಹಲಗೆ.

ಒಳಗೆ ಒಬ್ಬರೇ ಟೀಚರ್, ಒಂದರಿಂದ ಎಂಟರವರೆಗೆ ಎಲ್ಲ ತರಗತಿ. ಒಲೆ ಹೊತ್ತಿಸುವುದೂ ಕಸ ಗುಡಿಸುವುದೂ ಅವರ ಪಾಲಿಗೇ. ಒಂದು ತರಗತಿ ಮುಂದಿನ ಬೆಂಚಿಗೆ ಬಂದು ಪಾಠ ಒಪ್ಪಿಸುವಾಗ ಚಿಕ್ಕವರು ದೊಡ್ಡವರ ಪಾಠವನ್ನೂ ಕಿವಿಗೆ ಹಾಕಿಕೊಳ್ಳುತ್ತಿದ್ದರು. ಕಟ್ಟಡದ ಕಾಲವನ್ನು ಕಿಟಕಿಗಳಿಂದಲೂ ಊಹಿಸಬಹುದು. ಹಳೆಯವುಗಳಲ್ಲಿ ಎರಡೂ ಬದಿಗೆ ಕಿಟಕಿ. ಬರೆಯುವ ಕೈಯ ನೆರಳು ಪುಟದ ಮೇಲೆ ಬೀಳದಂತೆ ಎಡದಿಂದ ಬೆಳಕು ಬರಲಿ ಎಂಬ ನಿಯಮ 20ನೇ ಶತಮಾನದ ಆರಂಭದಲ್ಲಿ ಹರಡಿದ ಮೇಲೆ ಒಂದೇ ಬದಿಗೆ ಸಾಲು ಕಿಟಕಿ ಬಂತು. ಫೋಟೊ ತೆಗೆಯುವವರಿಗೂ ಆ ಬೆಳಕು ಒದಗುತ್ತದೆ.

ಬಸ್ಸು ಬಂತು

1919ರ ಸುಮಾರಿಗೆ ದೇಶದಲ್ಲಿ ಇಂಥ 1,90,000 ಶಾಲೆಗಳಿದ್ದವು. ರಸ್ತೆ ಸುಧಾರಿಸಿ ಮೋಟಾರು ಓಡಾಡಿದಂತೆ ನಾಲ್ಕಾರು ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡುವ ಕೆಲಸ ಬಿರುಸಾಯಿತು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶಿಕ್ಷಣತಜ್ಞ ಫ್ರ್ಯಾಂಕ್ ಸೈರ್ ಕರೆದ ಸಭೆ ಶಾಲಾ ಬಸ್ಸಿಗೆ ದೇಶವಿಡೀ ಒಂದೇ ಮಾನದಂಡವನ್ನೂ ಇಂದಿಗೂ ಉಳಿದಿರುವ ಹಳದಿ ಬಣ್ಣವನ್ನೂ ಗೊತ್ತುಮಾಡಿತು. ಮಗು ನಡೆಯಬೇಕಿಲ್ಲ ಎಂದಾದಾಗ ಮೈಲಿಗೊಂದು ಶಾಲೆ ಯಾಕೆ? ನೆಬ್ರಾಸ್ಕದಲ್ಲಿ 1872ರಲ್ಲಿ ಕಟ್ಟಿದ ಫ್ರೀಮನ್ ಶಾಲೆ 1967ರವರೆಗೂ ನಡೆದದ್ದು ಅಪರೂಪ. ಉಳಿದ ಎಷ್ಟೋ ಶಾಲೆಗಳು ಕಣಜವಾದವು, ಹುಲ್ಲಿನ ಕೊಟ್ಟಿಗೆಯಾದವು, ಮನೆಯಾದವು.

ಯಾರ ಶಾಲೆ, ಯಾರ ಚಿತ್ರ

ದಕ್ಷಿಣದ ರಾಜ್ಯಗಳಲ್ಲಿ ಪ್ರತ್ಯೇಕ ಶಾಲೆಗೇ ಹೋಗಬೇಕಿದ್ದ ಕಪ್ಪು ಮಕ್ಕಳಿಗೆ ಇಂಥ ನಾಲ್ಕು ಗೋಡೆಯನ್ನೂ ಸರ್ಕಾರ ಸರಿಯಾಗಿ ಕಟ್ಟಿಕೊಡಲಿಲ್ಲ. ಕಪ್ಪು ಸಮುದಾಯದ ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಮತ್ತು ಉದ್ಯಮಿ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ ಆರಂಭಿಸಿದ ಯೋಜನೆಯಿಂದ 1932ರ ವೇಳೆಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳೆದ್ದವು. ಒಬ್ಬಿಬ್ಬರೇ ಶಿಕ್ಷಕರಿದ್ದ ಶಾಲೆಗಳು ಅವುಗಳಲ್ಲಿ ಬಹಳ. ರೋಸೆನ್‌ವಾಲ್ಡ್ ಕೊಟ್ಟದ್ದು ಒಂದು ಪಾಲು ಮಾತ್ರ. ಕಪ್ಪು ಸಮುದಾಯದ ಬಡವರು ಹಣ, ನೆಲ, ಕೂಲಿ ಕೂಡಿಸಿದರು.

ಛಾಯಾಗ್ರಾಹಕ ಆ್ಯಂಡ್ರ್ಯೂ ಫೈಲರ್ ಈ ಶಾಲೆಗಳನ್ನು ಹುಡುಕಿ 15 ರಾಜ್ಯಗಳನ್ನೂ ಸುತ್ತಿದರು. 2021ರಲ್ಲಿ ಬಂದ ಅವರ ಪುಸ್ತಕದಲ್ಲಿ ಕಟ್ಟಡಗಳ ಜೊತೆ ಅಲ್ಲಿ ಕಲಿತವರ, ಕಲಿಸಿದವರ ಮುಖಗಳೂ ಇವೆ. ಮುನ್ನುಡಿ ಬರೆದ ಸಂಸದ ಜಾನ್ ಲೂಯಿಸ್ ಅಲಬಾಮಾದ ಅಂಥದ್ದೇ ಶಾಲೆಯಲ್ಲಿ ಓದಿದವರು. ಪುಸ್ತಕ ಹೊರಬರುವ ಮುನ್ನವೇ, 2020ರಲ್ಲಿ ತೀರಿಕೊಂಡರು.

ಕುಸಿದ ಚಾವಣಿಯನ್ನು ಮತ್ತೆ ಹೊದಿಸಬಹುದು, ಅಲ್ಲಿ ಕೂತು ಕಲಿತವರ ಮಾತನ್ನು ಮತ್ತೆ ಕಟ್ಟಲಾಗದು. ಹುಡುಕಿ ಹೊರಟವರು ಪಕ್ಕದ ಹೊಲದ ಮನೆಗೆ ಮೊದಲು ಹೋಗಿ ಅಜ್ಜಿಯನ್ನೋ ಅಜ್ಜನನ್ನೋ ಮಾತಾಡಿಸಲಿ. ಗೋಡೆಯ ಫೋಟೊ ಆಮೇಲೆ.